ಟ್ರಾನ್ಸ್‌ಪ್ಲಾಂಟ್ ಆದ ಮ್ಯಾಲ ಟ್ರಯಲ್ ಗುಳಗಿ, ಸಹಿ ಮಾಡಬೇಕೇನ್ರಿ?

ಶಹಾಪುರದಾಂವ:
ನಮಸ್ಕಾರ್ರಿ. ನಮ್ಮ ಅಕ್ಕನ ಮಗಗ 9 ವರ್ಷ, ಎಎಂಎಲ್ ಬ್ಲಡ್ ಕ್ಯಾನ್ಸರ್, ರಿಪೋರ್ಟಿನಾಗ ಎಫ್‌ಎಲ್‌ಟಿ3 ಪಾಸಿಟಿವ್ ಅಂತ ಅದ, ಅಂದ್ರ ರೋಗದ ಕಣದಾಗ ಆ ಹೆಸರಿನ ಜೀನ್ ಬದಲಾಗ್ಯದಂತ. ಹೈದರಾಬಾದದಾಗ ಅವನ ತಂಗಿ ಸ್ಟೆಮ್ ಸೆಲ್ (ರಕ್ತ ಹುಟ್ಟಸೋ ಕಣ) ಹಾಕಿ ಟ್ರಾನ್ಸ್‌ಪ್ಲಾಂಟ್ ಮಾಡ್ಯಾರ, ರಕ್ತದ ಕೌಂಟ್ ಮ್ಯಾಲ ಬಂದದ, ದೇವರ ದಯಾ. ಈಗ ಡಾಕ್ಟರು ರೋಗ ತಿರುಗಿ ಬರಬಾರದಂತ ಒಂದು ಗುಳಗಿ ಟ್ರಯಲ್ ನಡದದ, ಸೇರಸ್ತೀರೇನು ಅಂತ ಕೇಳ್ಯಾರ, ಫಾರ್ಮ್ ನೋಡಿದ್ರ ಎಲ್ಲಾ ಇಂಗ್ಲಿಷ್. ಮಾವ ನನ್ನ ಮಗನ ಮ್ಯಾಲ ಪ್ರಯೋಗ ಮಾಡ್ತಾರೇನು ಅಂತ ಸಿಟ್ಟಿಗೆದ್ದಾನ. ಟ್ರಾನ್ಸ್‌ಪ್ಲಾಂಟ್ ಆದ ಮ್ಯಾಲೂ ಔಷಧ ಯಾಕ ಬೇಕ್ರಿ?

ಬಿಸಿಲೂರ ಮಂದಿ:
ಬ್ಯಾಡ್ರೀ ತಮ್ಮಾ. ಬಡವರ ಮಕ್ಕಳೇ ಸಿಗ್ತಾರ ಇವರಿಗಿ.

ಕಲಬುರಗಿ ಸಿಸ್ಟರ್:
ಅಣ್ಣಾರ, ಸುಮ್ಮ ಹೆದರಸಬ್ಯಾಡ್ರಿ. ತಮ್ಮಾ, ಎಲುಬಿನಾಗ ರಕ್ತ ಹುಟ್ಟಸೋ ಹೊಸ ಮ್ಯಾರೋ ಕುಂತ್ರೂ ಹಳೇ ರೋಗದ ನಾಕ್ ಕಣ ಎಲ್ಲ್ಯಾರ ಅಡಗಿರ್ತಾವ, ತಂಗಿ ಸೆಲ್ಲುಗಳು ಅವನ್ನ ಹುಡುಕಿ ಹೊಡಿಯೋ ಮಟ ಗುಳಗಿ ಕಾವಲಿ ಇರ್ತದ. ದೊಡ್ಡವರೊಳಗ ಇದನ್ನ ನೋಡ್ಯಾರ, ಸಾರ್ಮೇನ್ ಅಂತ ಟ್ರಯಲ್, 2020ರಾಗ ಬಂತು, ಇದೇ ಎಫ್‌ಎಲ್‌ಟಿ3 ಇದ್ದ 83 ಮಂದಿ, ಅರ್ಧದಷ್ಟು ಮಂದಿಗೆ ಸೊರಾಫೆನಿಬ್ ಅನ್ನೋ ಗುಳಗಿ, ಉಳದವರಿಗೆ ಔಷಧ ಇಲ್ಲದ ಖೊಟ್ಟಿ ಗುಳಗಿ. 2 ವರ್ಷಕ್ಕ ರೋಗ ತಿರುಗದೇ ಬದುಕಿದ್ದವರು ಸೊರಾಫೆನಿಬ್ ಗುಂಪಿನಾಗ ಸುಮಾರು 85%, ಖೊಟ್ಟಿ ಗುಳಗಿ ಗುಂಪಿನಾಗ 53%. ಆದ್ರ ದೊಡ್ಡವರ ಲೆಕ್ಕ ಹುಡುಗರಿಗಿ ಹಂಗೇ ಹಚ್ಚಾಕ ಬರಂಗಿಲ್ಲ, ಡೋಸ್ ಬ್ಯಾರೆ, ಬೆಳಿಯೋ ಮೈ, ಅದಕ್ಕೇ ಮಕ್ಕಳೊಳಗ ಬ್ಯಾರೇನೇ ನೋಡಬೇಕಾಗ್ತದ.

ಸಹಿ ಮಾಡೋಕಿನ ಮದಲ ಇದು ಎಷ್ಟನೇ ಫೇಸ್ ಅಂತ ಕೇಳ್ರಿ, ಒಂದನೇದಂದ್ರ ಡೋಸು ಸುರಕ್ಷತಾ ನೋಡೋದು, ಎರಡನೇದಂದ್ರ ಔಷಧ ಕೆಲಸ ಮಾಡ್ತದೇನು ನೋಡೋದು, ಮೂರನೇದಂದ್ರ ಈಗಿನ ಚಿಕಿತ್ಸಾ ಜೋಡಿ ಹೋಲ್ಸೋದು. ಖೊಟ್ಟಿ ಗುಳಗಿ ಬರೋ ಗುಂಪು ಅದ ಏನು, ಸಿಟಿಆರ್‌ಐ (ನಮ್ಮ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಯಾವ್ದು ಅಂತನೂ ಕೇಳ್ರಿ, 2009ರಿಂದ ಅದ್ರಾಗ ನೋಂದಣಿ ಕಡ್ಡಾಯ, ನೀವೇ ಮೊಬೈಲಿನಾಗ ತಗದು ನೋಡಬಹುದು. ಫಾರ್ಮ್ ನಿಮಗ ತಿಳಿಯೋ ಭಾಷಾದಾಗೇ ಕೊಡಬೇಕು, ಕನ್ನಡದ್ದು ಕೇಳಾಕ ನಾಚಬ್ಯಾಡ್ರಿ. ಟ್ರಯಲ್‌ನಿಂದ ತ್ರಾಸ ಆದ್ರ ಫುಕಟ ಚಿಕಿತ್ಸಾ, ಪರಿಹಾರ ಎಲ್ಲಾ 2019ರ ರೂಲ್ಸಿನಾಗ ಅದ. ಹುಡುಗಗೂ 7 ದಾಟ್ಯದಲ್ಲ, ಅವಗ ತಿಳಿಯೋಹಂಗ ಹೇಳಿ ಅವನ ಒಪ್ಪಿಗಿ ಬಾಯಿಲೆ ತಗೋಬೇಕು. ನಡುವ ಬಿಟ್ಟು ಬಂದ್ರೂ ಉಳದ ಚಿಕಿತ್ಸಾ ನಿಲ್ಲಸಂಗಿಲ್ಲ.

ಬೀದರ ಅವ್ವ:
ನಮ್ಮ ಹುಡುಗ ಟ್ರಯಲ್‌ನಾಗ ಇಲ್ಲ, ಡಾಕ್ಟರೇ ಬರದು ಕೊಟ್ಟು ಸೊರಾಫೆನಿಬ್ ತಗೊಂಡಾನ. ಅಂಗೈ ಅಂಗಾಲ ಕೆಂಪಗಾಗಿ ಬೊಕ್ಕಿ ಎದ್ದು ರೊಟ್ಟಿ ಮುರಿಯಾಕೂ ಆಗ್ತಿರಲಿಲ್ಲ, ಹಾಲಿನಾಗ ನೆನಸಿ ನಾನೇ ತಿನಸ್ತಿದ್ದೆ, ಡೋಸ್ ಕಮ್ಮಿ ಮಾಡಿದ ಮ್ಯಾಲ ಆರಾಮ ಆಯ್ತು. ಬಿಪಿನೂ ನೋಡ್ತಿರಬೇಕು. ಮತ್ತ ಯಾರೋ ಹೇಳ್ಯಾರಂತ ಕಷಾಯ ಕುಡಸಬ್ಯಾಡ್ರಿ, ಫಂಗಸ್ಸಿನ ಗುಳಗಿ ನಡದಿದ್ರ ಅದನ್ನೂ ಡಾಕ್ಟರಿಗಿ ಹೇಳ್ರಿ, ಒಂದಕ್ಕೊಂದು ಬಡಿದಾಡ್ತಾವ.

ಶಹಾಪುರದಾಂವ:
ಭಾಳ ಉಪಕಾರ ಆಯ್ತ್ರಿ ಅಕ್ಕಾರ. ಫಾರ್ಮಿನ ಮದಲನೇ ಪಾನದಾಗೇ ಸಿಟಿಆರ್‌ಐ ನಂಬರ್ ಅದ, ಎರಡನೇ ಫೇಸ್ ಅಂತ ಅದ, ಖೊಟ್ಟಿ ಗುಳಗಿ ಇಲ್ಲಂತ, ಎಲ್ಲಾರಿಗೂ ಔಷಧನೇ ಕೊಡ್ತಾರಂತ. ಕನ್ನಡ ಫಾರ್ಮ್ ಕಳಸ್ತೀವಿ ಅಂದಾರ, ಬಂದ ಮ್ಯಾಲ ಮಾವಗ ಓದಿ ಹೇಳ್ತೀನಿ, ಆಮ್ಯಾಲ ಅಂವ ಏನಂತಾನ ನೋಡಬೇಕು.