1966ರ ಮಸ್ಟಾಂಗ್ ಆಟೋಮ್ಯಾಟಿಕ್‌ಗೆ ಯಾವ ಆಯಿಲ್: ಟೈಪ್ ಎಫ್ಫೋ, ಡೆಕ್ಸ್ರಾನೋ?

ಸ್ಯಾನ್‌ಹೋಸೆ ಸುನಿಲ್: ನಮಸ್ಕಾರ. 1966ರ ಮಸ್ಟಾಂಗ್ ತಗೊಂಡಿದ್ದೇನೆ. 289 ವಿ8 ಇಂಜಿನ್, ಫೋರ್ಡ್ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಮೂರು ಗೇರ್. ಗೇರ್‌ಬಾಕ್ಸ್ ಆಯಿಲ್ ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದೆ, ಸುಟ್ಟ ವಾಸನೆ ಇಲ್ಲ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ. ಅಂಗಡಿಯವನು ಡೆಕ್ಸ್ರಾನ್ ಎಲ್ಲದಕ್ಕೂ ನಡೆಯುತ್ತೆ ಅಂತಾನೆ. ಪಕ್ಕದ ಮನೆಯ ಅಜ್ಜ ಟೈಪ್ ಎಫ್ ಬಿಟ್ಟು ಬೇರೆ ಹಾಕಿದರೆ ಗೇರ್‌ಬಾಕ್ಸ್ ಹೋಯ್ತು ಅಂತಾರೆ. ಯಾರ ಮಾತು ಕೇಳಲಿ?

ಗ್ಯಾರೇಜ್ ಗಿರಿ: ಅಜ್ಜನ ಮಾತು ಕೇಳಿ. ಆ ಕಾಲದ ಫೋರ್ಡ್‌ಗೆ ಟೈಪ್ ಎಫ್. ನಿಮ್ಮೂರಿನ ಬಿಡಿಭಾಗದ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ, ದುಬಾರಿಯೂ ಅಲ್ಲ.

ಹಳೇಗಾಡಿ: ಗಿರಿಯಣ್ಣ, ಇದು ಹಳೇ ಕಾಲದ ಮಾತಾಯ್ತು. ನಮ್ಮ ಸಿ4ಗೆ ವರ್ಷಗಟ್ಟಲೆಯಿಂದ ಡೆಕ್ಸ್ರಾನ್ ಬಗೆಯದ್ದೇ ಹಾಕುತ್ತಿದ್ದೇವೆ. ಗೇರ್ ಬೆಣ್ಣೆಯಂತೆ ಬದಲಾಗುತ್ತೆ. ಟೈಪ್ ಎಫ್ ಇದ್ದಾಗ ಪ್ರತಿ ಸಲ ಧಡ್ ಅಂತ ಒದೆಯುತ್ತಿತ್ತು.

ಗ್ಯಾರೇಜ್ ಗಿರಿ: ಬೆಣ್ಣೆ ಅಂತೀರಲ್ಲ, ಒಳಗೆ ಕ್ಲಚ್ ಪ್ಲೇಟ್ ಇನ್ನಷ್ಟು ಹೊತ್ತು ಜಾರಿ ಆಮೇಲೆ ಹಿಡಿಯುತ್ತಿದೆ ಅಷ್ಟೇ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸವೆತ.

ಪದ್ಮಾ ಕೆ: ಲೂಬ್ರಿಕೆಂಟ್ ಕೆಲಸದಲ್ಲಿ ಇರುವವಳು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಡೆಕ್ಸ್ರಾನ್ ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯದು, 1967ರಲ್ಲಿ ಬಂತು. ಘರ್ಷಣೆ ತಗ್ಗಿಸುವ ವಸ್ತು ಬೆರೆಸಿರುತ್ತಾರೆ, ಹಾಗಾಗಿ ಪ್ಲೇಟ್‌ಗಳು ನಿಧಾನವಾಗಿ ಕೂಡುತ್ತವೆ. ಟೈಪ್ ಎಫ್‌ನಲ್ಲಿ ಅದಿಲ್ಲ. ಜಾರುವುದು ನಿಲ್ಲುವ ಕೊನೇ ಗಳಿಗೆಯಲ್ಲಿ ಹಿಡಿತ ಜಾಸ್ತಿಯಾಗುತ್ತದೆ. ಹಳೇಗಾಡಿ ಅವರು ಹೇಳುವ ಒದೆತ ಅದೇ. ಫೋರ್ಡ್ ತನ್ನ ಪ್ಲೇಟ್, ಬ್ಯಾಂಡ್ (ಡ್ರಮ್ ಸುತ್ತ ಬಿಗಿಯುವ ಪಟ್ಟಿ) ಎರಡನ್ನೂ ಆ ಹಿಡಿತವನ್ನೇ ನಂಬಿ ಮಾಡಿತ್ತು.

ತಮಾಷೆ ಅಂದ್ರೆ, ಆಗಿನ ಡೆಕ್ಸ್ರಾನ್‌ಗೆ ಆ ನುಣುಪು ಕೊಡುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅಮೆರಿಕದಲ್ಲಿ ಅದರ ಬಳಕೆ ನಿಂತ ಮೇಲೆ ಬೇರೆ ಸೂತ್ರ ಹುಡುಕಬೇಕಾಯಿತು, 1973ರ ಹೊತ್ತಿಗೆ ಡೆಕ್ಸ್ರಾನ್ 2 ಬಂತು.

ಹಳೇಗಾಡಿ: ಸರಿ ಮೇಡಂ, ಹಾಗಾದರೆ ನಮ್ಮ ಗಾಡಿ ಇಷ್ಟು ವರ್ಷ ಹೇಗೆ ಓಡಿತು?

ಪದ್ಮಾ ಕೆ: ಒಳಗಿನದ್ದು ಬಿಚ್ಚಿ ಹೊಸದಾಗಿ ಕಟ್ಟಿಸಿದ್ದೀರಾ?

ಹಳೇಗಾಡಿ: ಹೌದು, ಪ್ಲೇಟ್, ಸೀಲ್ ಎಲ್ಲಾ ಹೊಸದು.

ಪದ್ಮಾ ಕೆ: ಅದೇ ವಿಷಯ. ಈಗಿನ ಪ್ಲೇಟ್‌ಗಳಲ್ಲಿ ಹೆಚ್ಚಿನವು ಎರಡೂ ಬಗೆಯ ಆಯಿಲ್‌ಗೆ ಹೊಂದುತ್ತವೆ. 60 ವರ್ಷ ಹಳೆಯ ಪ್ಲೇಟ್ ಬಗ್ಗೆ ಆ ಮಾತು ಹೇಳಲಾಗದು. ಕಟ್ಟಿದವರು ಯಾವುದನ್ನು ಹಾಕಿ ಅಂದರೋ ಅದೇ ಹಾಕಿ. ಸುನಿಲ್ ಅವರಿಗೆ ಒಳಗೆ ಯಾವ ಪ್ಲೇಟ್ ಇದೆ ಅಂತಲೇ ತಿಳಿಯದು, ಹಾಗಾಗಿ ಅವರಿಗೆ ಟೈಪ್ ಎಫ್ಫೇ ಸರಿ. ಬಣ್ಣ ನೋಡಿ ಗುರುತಿಸೋಕೆ ಹೋಗಬೇಡಿ, ಎರಡೂ ಕೆಂಪೇ. ಇನ್ನು ಡೆಕ್ಸ್ರಾನ್ 6 ಹಳೆಯವಕ್ಕಿಂತ ತೆಳು. ಸವೆದ ಸೀಲ್ ಇರುವ ಹಳೇ ಡಬ್ಬಕ್ಕೆ ನಾನಂತೂ ಹಾಕಲ್ಲ.

ಮೈಸೂರು ಬೆಂಜ್: ನಮ್ಮದು ಡಬ್ಲ್ಯು123 ಮರ್ಸಿಡಿಸ್, ಅದಕ್ಕೆ ಡೆಕ್ಸ್ರಾನ್ ಬಗೆಯದ್ದೇ ಸರಿ. ಗಾಡಿಗೊಂದು ನಿಯಮ, ಏನ್ಮಾಡೋದು! ಆದರೆ ಸುನಿಲ್, ಎಷ್ಟೋ ವರ್ಷದ ಆಯಿಲ್ ಬದಲಾಯಿಸಿದರೆ ಗೇರ್ ಜಾರಲು ಶುರುವಾಗುತ್ತೆ ಅಂತಾರಲ್ಲ? ಸುಮ್ನೆ ಬಿಟ್ಟುಬಿಡಿ.

ಗ್ಯಾರೇಜ್ ಗಿರಿ: ಆಯಿಲ್ ಬದಲಾಯಿಸಿದ್ದಕ್ಕೆ ಗೇರ್‌ಬಾಕ್ಸ್ ಸಾಯಲ್ಲ ಸ್ವಾಮಿ. ಗೇರ್ ಜಾರಲು ಶುರುವಾದ ಮೇಲೆ ಕೊನೇ ಆಸೆ ಅಂತ ಆಯಿಲ್ ಬದಲಾಯಿಸುತ್ತಾರೆ, ಆಮೇಲೆ ಹೊಸ ಆಯಿಲ್ ಮೇಲೆ ತಪ್ಪು ಹೊರಿಸುತ್ತಾರೆ. ಸುಟ್ಟ ವಾಸನೆ ಇಲ್ಲ, ಗೇರ್ ಸರಿಯಾಗಿ ಬೀಳುತ್ತಿದೆ ಅಂದ್ರೆ ಧೈರ್ಯವಾಗಿ ಬದಲಾಯಿಸಬಹುದು. ಮಷೀನ್ ಹಾಕಿ ಒತ್ತಡದಲ್ಲಿ ತೊಳೆಯುವುದು ಮಾತ್ರ ಬೇಡ.

ಅದಕ್ಕೂ ಮೊದಲು, ಆ ಮಟ್ಟ ಇಳಿಯುವುದನ್ನು ನೋಡಿ. ಸಿ4 ಹಿಂಭಾಗದಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ, ಅದರಿಂದ ಇಂಜಿನ್‌ಗೆ ಒಂದು ರಬ್ಬರ್ ಪೈಪ್ ಹೋಗುತ್ತದೆ. ಅದರ ಒಳಗಿನ ಪರೆ ಹರಿದರೆ ಗೇರ್‌ಬಾಕ್ಸ್ ಆಯಿಲನ್ನು ಇಂಜಿನ್ನೇ ಎಳೆದು ಸುಟ್ಟುಬಿಡುತ್ತದೆ. ಹೊರಗೆ ಸೋರಿಕೆ ಕಾಣಲ್ಲ, ಹೊಗೆ ಬರುತ್ತದೆ. ಆ ರಬ್ಬರ್ ಪೈಪ್ ಎಳೆದು ನೋಡಿ, ಒಳಗೆ ಒದ್ದೆ ಇದೆಯಾ?

ಸ್ಯಾನ್‌ಹೋಸೆ ಸುನಿಲ್: ಎಳೆದೆ. ಒದ್ದೆ, ಅದೇ ಕಂದು ಆಯಿಲ್. ಸ್ಟಾರ್ಟ್ ಮಾಡಿದಾಗ ಬರುವ ಹೊಗೆಗೆ ಇಷ್ಟು ದಿನ ಇಂಜಿನ್ನನ್ನೇ ಬೈಯುತ್ತಿದ್ದೆ.

ಹಳೇಗಾಡಿ: ಹಾಗಾದರೆ ಮೊದಲು ಮಾಡ್ಯುಲೇಟರ್. ಗಿರಿಯಣ್ಣನಿಗೆ ಇಷ್ಟು ಒಪ್ಪುತ್ತೇನೆ, ಟೈಪ್ ಎಫ್‌ಗೆ ಅಲ್ಲ :)

ಸ್ಯಾನ್‌ಹೋಸೆ ಸುನಿಲ್: ಆಯಿಲ್ ಎಷ್ಟು ಬೇಕು? ಪ್ಯಾನ್ ಬಿಚ್ಚಿದರೆ ಸಾಕಾ?

ಗ್ಯಾರೇಜ್ ಗಿರಿ: ಒಟ್ಟು ಸುಮಾರು 8 ಲೀಟರ್ ಹಿಡಿಯುತ್ತದೆ. ಪ್ಯಾನ್ ಮಾತ್ರ ಬಿಚ್ಚಿದರೆ ಅರ್ಧದಷ್ಟೂ ಇಳಿಯಲ್ಲ, ಉಳಿದದ್ದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ, ಆಯಿಲ್ ತುಂಬಿದ ಟಾರ್ಕ್ ಕನ್ವರ್ಟರ್‌ನಲ್ಲಿ. ಹಿಂದೆ ಏನು ಹಾಕಿದ್ದರೋ ಗೊತ್ತಿಲ್ಲವಲ್ಲ, ಅದನ್ನೂ ಖಾಲಿ ಮಾಡಿ. ಕೆಳಗಿನ ತಗಡು ತೆಗೆದು ಇಂಜಿನ್ನನ್ನು ಸ್ಪ್ಯಾನರ್‌ನಿಂದ ತಿರುಗಿಸುತ್ತಾ ಹೋದರೆ ಹಳೇ ಕನ್ವರ್ಟರ್‌ನ ಡ್ರೈನ್ ಬೋಲ್ಟ್ ಕಾಣುತ್ತದೆ. ಪ್ಯಾನ್ ಬೋಲ್ಟ್ ಎಲ್ಲವನ್ನೂ ಒಂದೇ ಸಲ ಬಿಚ್ಚಬೇಡಿ. ಒಂದು ಮೂಲೆ ಸಡಿಲ ಮಾಡಿ, ಇಲ್ಲಾಂದ್ರೆ ಮೈಯೆಲ್ಲಾ ಆಯಿಲ್. ತಳದಲ್ಲಿ ಬೂದು ಪುಡಿ ಸ್ವಲ್ಪ ಇದ್ದರೆ ಹೆದರಬೇಡಿ. ಲೋಹದ ಚೂರು ಕಂಡರೆ ಅಲ್ಲೇ ನಿಲ್ಲಿಸಿ, ಫೋಟೋ ಹಾಕಿ.

ಪದ್ಮಾ ಕೆ: ಫಿಲ್ಟರ್ ಬಿಚ್ಚುವಾಗ ಕೈ ಅಡ್ಡ ಹಿಡಿದಿರಿ. ಕೆಲವು ಸಿ4ಗಳಲ್ಲಿ ಅದರ ಹಿಂದೆ ಒಂದು ಸಣ್ಣ ವಾಲ್ವ್, ಸ್ಪ್ರಿಂಗ್ ಇರುತ್ತವೆ, ಜಾರಿ ಬೀಳುತ್ತವೆ.

ಮೈಸೂರು ಬೆಂಜ್: ಮಟ್ಟ ನೋಡುವುದು ಇಂಜಿನ್ ಓಡುವಾಗಲೋ ನಿಂತಾಗಲೋ?

ಗ್ಯಾರೇಜ್ ಗಿರಿ: ಓಡುವಾಗ. ಚೆನ್ನಾಗಿ ಬಿಸಿ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಎಲ್ಲಾ ಗೇರ್‌ಗೂ ಹಾಕಿ ಪಾರ್ಕ್‌ಗೆ ತಂದು ನೋಡಬೇಕು. ಇದು ಫೋರ್ಡ್‌ಗೆ. ಕ್ರೈಸ್ಲರ್ ಆದರೆ ನ್ಯೂಟ್ರಲ್‌ನಲ್ಲಿ. ಮೊದಲು 4 ಲೀಟರ್ ಸುರಿದು ಸ್ಟಾರ್ಟ್ ಮಾಡಿ, ಆಮೇಲೆ ನೋಡಿಕೊಂಡು ಹಾಕುತ್ತಾ ಹೋಗಿ. ಜಾಸ್ತಿ ಆದರೆ ನೊರೆ ಬರುತ್ತೆ, ಒತ್ತಡ ಕೂರಲ್ಲ.

ಹಳೇಗಾಡಿ: ಟೈಪ್ ಎಫ್ ಹಾಕಿದ ಮೇಲೆ ಒದೆತ ಹೇಗಿದೆ ಹೇಳಿ ಸುನಿಲ್. ನಾನು ಕಾಯುತ್ತಿರುತ್ತೇನೆ.