ಅವ್ವನ ಹೆಸರಿನಲ್ಲಿ ಹೊಲಿಗೆ ಮಷೀನ್ ಕೊಡಬೇಕು ಅಂತಿದ್ದೇವೆ. ಏನು ನೋಡಿಕೊಂಡು ಕೊಡಬೇಕು?

ಹಳೇಹುಬ್ಬಳ್ಳಿ_ಕಿರಾಣಿ

ಎಲ್ಲರಿಗೂ ನಮಸ್ಕಾರ. ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಅವ್ವ ತೀರಿಕೊಂಡ ಮೇಲೆ ಪ್ರತಿ ವರ್ಷ ಅವಳ ಪುಣ್ಯತಿಥಿಗೆ ಊಟ ಹಾಕಿಸಿ ಸೀರೆ ಹಂಚುತ್ತೇವೆ. ಈ ಸಲ ತಮ್ಮ, ತಂಗಿ ಸೇರಿ ಸ್ವಲ್ಪ ಜಾಸ್ತಿ ದುಡ್ಡು ಕೂಡಿಸಿದ್ದೇವೆ. ನಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇಬ್ಬರಿಗೂ ಶಾಲೆಗೆ ಹೋಗುವ ಮಕ್ಕಳು. ಅವರಿಗೆ ಹೊಲಿಗೆ ಮಷೀನ್ ಕೊಡೋಣ ಅಂತಾಳೆ ತಂಗಿ. ಅವ್ವನೂ ಜಂಪರ ಹೊಲಿದೇ ನಮ್ಮನ್ನು ಸಾಕಿದವಳು. ಕೊಟ್ಟದ್ದು ಮೂಲೆ ಸೇರಬಾರದು, ಅವರಿಗೆ ದುಡಿಮೆ ಆಗಬೇಕು. ತಿಳಿದವರು ಹೇಳಿ.

ಧಾರವಾಡ_ಟೇಲರಕ್ಕ

ಅಣ್ಣಾರೆ, ನಾನು ಮನೆಯಲ್ಲೇ ಹೊಲಿಯುವವಳು, ಹುಡುಗಿಯರಿಗೂ ಕಲಿಸುತ್ತೇನೆ. ಮೊದಲು ಅವರಿಬ್ಬರನ್ನೇ ಕೇಳಿ. ಹೊಲಿಗೆ ಬರುತ್ತದೆಯಾ? ಎಷ್ಟು ಬರುತ್ತದೆ? ಸೀರೆಗೆ ಫಾಲ್ ಹಚ್ಚುವುದು ಬೇರೆ, ಜಂಪರದ ಕಟಿಂಗ್ ಬೇರೆ. ಕಟಿಂಗ್ ತಪ್ಪಿದರೆ ಬಟ್ಟೆ ಕೆಡುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ. ಹೊಲಿಗೆ ಬಾರದಿದ್ದರೆ ಕಲಿಕೆಯ ಫೀ ಕಟ್ಟಿ, ಕಲಿಯುವಷ್ಟು ದಿನ ನಿಮ್ಮ ಅಂಗಡಿಯಿಂದ ಅವರ ಮನೆಗೆ ಸಂತೆ ಸಾಮಾನು ಹೋಗಲಿ. ಕೂಲಿ ಬಿಟ್ಟು ಬಂದವರು ಕಲಿಕೆಯನ್ನು ಅರ್ಧಕ್ಕೆ ಬಿಡುವುದು ಹೆಚ್ಚಾಗಿ ಒಲೆ ಉರಿಯದ ಚಿಂತೆಗೇ.

ಸಮಾರಂಭದಲ್ಲಿ ಹಂಚಿದ ಮಷೀನುಗಳ ಗತಿ ನೋಡಿದ್ದೇನೆ. ಹಾರ, ಫೋಟೊ ಎಲ್ಲಾ ಆಗುತ್ತದೆ. ಆಮೇಲೆ ಬೆಲ್ಟ್ ಸಡಿಲಾಗುತ್ತದೆ, ದಾರ ಮೇಲಿಂದ ಮೇಲೆ ಹರಿಯುತ್ತದೆ. ದಾರದ ಬಿಗಿ (ಟೆನ್ಷನ್) ಹೇಗೆ ಸರಿ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ರಿಪೇರಿಯವನಿಗೆ ಕೊಡಲು ದುಡ್ಡಿರುವುದಿಲ್ಲ. ಕಡೆಗೆ ಮಷೀನಿನ ಮೇಲೆ ಹಾಸಿಗೆ, ಅರಿವೆ ಗಂಟು ಬಂದು ಕೂರುತ್ತವೆ. ದುಡ್ಡೆಲ್ಲಾ ಮಷೀನಿಗೇ ಸುರಿಯಬೇಡಿ. ಒಳ್ಳೆಯ ಕತ್ತರಿ, ಇಸ್ತ್ರಿ, ಬಣ್ಣಬಣ್ಣದ ದಾರ, ಲೈನಿಂಗ್ ಬಟ್ಟೆ, ವರ್ಷದ ರಿಪೇರಿ, ಇಷ್ಟಕ್ಕೂ ತೆಗೆದಿಡಿ.

ಎಲ್ಲಕ್ಕಿಂತ ದೊಡ್ಡದು ಕೆಲಸ ಹುಡುಕಿಕೊಡುವುದು. ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಯೂನಿಫಾರ್ಮ್ ಬಟ್ಟೆ ಬರುತ್ತದೆ ಅಲ್ವಾ? ಹೊಲಿಗೆ ಕೂಲಿ ಪಾಲಕರ ಮೇಲೆ ಬೀಳುತ್ತದೆ. ನಿಮ್ಮ ಓಣಿಯ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ತೀರಾ ಬಡ ಮಕ್ಕಳ ಕೂಲಿ ನೀವು ಕೊಡಿ, ಹೊಲಿಗೆ ಇವರಿಗೆ ಬರಲಿ. ಅಳತೆ ತೆಗೆಯಲು ಹೋದಾಗ ತಾಯಂದಿರ ಪರಿಚಯ ಆಗುತ್ತದೆ, ಜಂಪರಗಳು ಅಲ್ಲಿಂದಲೇ ಬರುತ್ತವೆ. ಕೂಲಿ ಮಾತ್ರ ಪೇಟೆ ರೇಟಿನಲ್ಲೇ ಕೊಡಿ. ದಾನದ ಕೆಲಸ ಅಂತ ಕಡಿಮೆ ಮಾಡಬೇಡಿ.

ಗದಗ_ಬೆಟಗೇರಿ

ಅಕ್ಕಾರು ಹೇಳಿದ್ದು ಖರೆ. ನಮ್ಮೂರ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳಿಗೂ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ ಕೊಟ್ಟು, ಹಾಡು, ಹಾರ್ಮೋನಿಯಂ, ತಬಲಾ ಕೈಗೆ ಹತ್ತುವ ತನಕ ಇಟ್ಟುಕೊಂಡು ಕಲಿಸಿದರು. ಖರ್ಚಿಗೆ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಅಲ್ಲಿ ಕಲಿತವರು ಸಂಗೀತ ಪಾಠ ಹೇಳಿ, ಪುರಾಣಕ್ಕೆ ಸಾಥ್ ಕೊಟ್ಟು ಸಂಸಾರ ನಡೆಸುತ್ತಿದ್ದಾರೆ. ಆ ತಾಳ್ಮೆ ಕೊಡುವವರಿಗೂ ಬೇಕು.

ಇನ್ನೊಂದು ಮಾತು. ಇಬ್ಬರನ್ನೂ ಸ್ತ್ರೀಶಕ್ತಿ ಸಂಘಕ್ಕೆ ಸೇರಿಸಿ. ಮಗುವಿಗೆ ಜ್ವರ ಬಂದು ಆಸ್ಪತ್ರೆ ಸೇರಿತು ಅಂದರೆ ಮೊದಲು ಮಾರಾಟವಾಗುವುದು ಮಷೀನೇ. ಸಂಘದಲ್ಲಿ ಉಳಿತಾಯ, ಸಣ್ಣ ಸಾಲ ಇದ್ದರೆ ಅದು ಉಳಿಯುತ್ತದೆ. ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದು ರೈತರು ಸಾಹುಕಾರರ ಬಡ್ಡಿಗೆ ಸಿಕ್ಕಿಬೀಳಬಾರದು ಅಂತ.

ರಾಣೇಬೆನ್ನೂರು_ಮೇಷ್ಟ್ರು

ಊಟ ಹಾಕುವುದನ್ನು ಮಾತ್ರ ಬಿಡಬೇಡಿ. ಇವತ್ತಿನ ಹಸಿವಿಗೆ ಇವತ್ತೇ ಅನ್ನ ಬೇಕು. ಸೀರೆಯ ದುಡ್ಡನ್ನು ಇತ್ತ ತಿರುಗಿಸಿ.

ಹಳೇಹುಬ್ಬಳ್ಳಿ_ಕಿರಾಣಿ

ಎಲ್ಲರಿಗೂ ಶರಣು. ನಿನ್ನೆ ತಂಗಿ ಹೋಗಿ ಇಬ್ಬರನ್ನೂ ಕೇಳಿ ಬಂದಳು. ಒಬ್ಬರಿಗೆ ಕಟಿಂಗ್ ಚೆನ್ನಾಗಿ ಬರುತ್ತದೆ, ಮದುವೆಗೆ ಮೊದಲು ಹೊಲಿಯುತ್ತಿದ್ದರಂತೆ. ಇನ್ನೊಬ್ಬರು ನೇರವಾಗಿ ಹೇಳಿದರಂತೆ: "ನನಗೆ ಹೊಲಿಗೆ ಬ್ಯಾಡವ್ವಾ, ರೊಟ್ಟಿ ಬಡಿತೀನಿ." ಎರಡು ಖಾನಾವಳಿಗೆ ಈಗಲೇ ರೊಟ್ಟಿ ಕೊಡುತ್ತಾರೆ, ಆದರೆ ಹಿಟ್ಟು ಉದ್ರಿ ತರುವುದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವರಿಗೆ ದೊಡ್ಡ ಹಂಚು, ಗ್ಯಾಸ್ ಒಲೆ, ಮೂರು ತಿಂಗಳ ಜೋಳ ಕೊಡಿಸುತ್ತೇವೆ. ಖಡಕ್ ರೊಟ್ಟಿಯನ್ನು ನಮ್ಮ ಅಂಗಡಿಯಲ್ಲೇ ಇಡುತ್ತೇನೆ. ಮಳೆಗಾಲದಲ್ಲಿ ಖಡಕ್ ರೊಟ್ಟಿ ಮೆತ್ತಗಾಗದಂತೆ ಪ್ಯಾಕ್ ಮಾಡುವವರು ಇಲ್ಲಿ ಇದ್ದರೆ, ಎಂಥ ಕವರ್ ಬಳಸುತ್ತೀರಿ ಹೇಳಿ.