ಮೀನಿಗೆ ಹಾಲು ಹಾಕ್ಬಹುದಾ? ಓದುಗರ ಸ್ಪಂದನ

ಹೋದ ಸಲ ಹಾಸನದ ತಾಯಿಯೊಬ್ರು ಬರ್ದಿದ್ರು: ಒಂದೂವರೆ ವರ್ಷದ ಮಗಳಿಗೆ ಸಾಲ್ಮನ್ ಮೀನು ಕ್ರೀಮಿಯಾಗಿ ಮಾಡ್ಕೊಡೋ ಆಸೆ, ಆದ್ರೆ ಅತ್ತೆ ‘ಮೀನಿಗೆ ಹಾಲು ಸೇರಿದ್ರೆ ತೊನ್ನು ಬರುತ್ತೆ’ ಅಂತ ಒಲೆ ಹತ್ರಾನೇ ಬಿಡ್ತಿಲ್ಲ, ಏನ್ ಮಾಡ್ಲಿ?

ಅಯ್ಯೋ ಇದು ನಮ್ಮನೆ ಕತೇನೇ ಕಣ್ರೀ! ಬಂಗುಡೆ ಸಾರು ಮಾಡಿದ್ ದಿನ ರಾತ್ರಿ ಮಕ್ಕಳಿಗೆ ಹಾಲು ಕುಡ್ಸೋಕೂ ನಮ್ಮತ್ತೆ ಬಿಡ್ತಿರ್ಲಿಲ್ಲ. ಲಸಿಕೆ ಹಾಕ್ಸೋಕೆ ಹೋದಾಗ ಅವರ ಎದುರಿಗೇ ಡಾಕ್ಟ್ರನ್ನ ಕೇಳ್ದೆ, ತೊನ್ನು ಬರೋದು ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶ ಹಾಳಾಗೋದ್ರಿಂದ, ಮೀನು-ಹಾಲಿಗೂ ಅದಕ್ಕೂ ಸಂಬಂಧ ಇಲ್ಲಮ್ಮ ಅಂದ್ರು, ಅತ್ತೆ ಅಲ್ಲಿ ತಲೆ ಆಡ್ಸಿದ್ರು, ಮನೆಗೆ ಬಂದ್ಮೇಲೆ ಮತ್ತೆ ಅದೇ ರಾಗ. ಕೊನೆಗೆ ಸಾಲ್ಮನ್ನ ತೆಂಗಿನಹಾಲಲ್ಲಿ ಮಾಡ್ದೆ, ಯಾರ್ದೂ ತಕರಾರಿಲ್ಲ. ಸುಮಾರು 100 ಗ್ರಾಂ ತುಂಡು ಹಿಂದಿನ ರಾತ್ರೀನೇ ಫ್ರೀಜರಿಂದ ತೆಗ್ದು ಕೆಳಗೆ ಫ್ರಿಡ್ಜಲ್ಲಿಡಿ, ಹೊರಗಿಟ್ಟು ಕರಗಿಸ್ಬೇಡಿ. ಇಡ್ಲಿ ಪಾತ್ರೇಲಿ 8-10 ನಿಮಿಷ ಬೇಯ್ಸಿ, ಒತ್ತಿದ್ರೆ ಪದರ ಪದರವಾಗಿ ಬಿಡ್ಕೋಬೇಕು, ನಡುವೆ ಗಾಜಿನ ಥರ ಹೊಳೀತಿದ್ರೆ ಇನ್ನೂ ಬೆಂದಿಲ್ಲ. ಪ್ಯಾಕೆಟ್ ಮೇಲೆ ಬೋನ್‌ಲೆಸ್ ಅಂತಿದ್ರೂ ನಂಬ್ಬೇಡಿ, ಚರ್ಮ ತೆಗ್ದು ಎರಡು ಬೆರಳಲ್ಲಿ ಚೂರು ಚೂರೇ ಹಿಸುಕಿ ನೋಡಿ, ನಂಗೊಂದ್ಸಲ ಕೂದಲಿನಷ್ಟು ಸಣ್ಣ ಮುಳ್ಳು ಎರಡು ಸಿಕ್ಕಿತ್ತು. ಆಲೂಗಡ್ಡೆ, ಕ್ಯಾರೆಟ್ ಬೇಯ್ಸಿ ಕಿವುಚಿ, ಗಟ್ಟಿ ತೆಂಗಿನಹಾಲು ಅರ್ಧ ಲೋಟ ಹಾಕಿ ಸಣ್ಣ ಉರೀಲಿ ಬಿಸಿ ಮಾಡಿ, ಕುದ್ರೆ ಒಡ್ಯುತ್ತೆ ಹುಷಾರು, ಮೀನು ಸೇರ್ಸಿ ಇಳ್ಸಿ. ಮೆತ್ತಗಿನ ಅನ್ನಕ್ಕೆ ಕಲ್ಸಿ ಕೊಡಿ. ಉಪ್ಪು ಖಾರ ನಾನಂತೂ ಹಾಕಲ್ಲ.
– ಎರಡು ಮಕ್ಕಳ ತಾಯಿ, ಸಕಲೇಶಪುರ

ಮಗ ಫಿನ್ಲೆಂಡಲ್ಲಿದ್ದಾನೆ, ಅಲ್ಲಿ ಸಾಲ್ಮನ್ ಸೂಪಿಗೆ ಆಲೂಗಡ್ಡೆ ಜೊತೆ ಹಾಲೋ ಕ್ರೀಮೋ ಹಾಕಿ ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸ್ತಾರಂತೆ, ಊರೂರೇ ತಿನ್ನುತ್ತೆ, ಹಂಗಂತ ಊರಿಗೆಲ್ಲ ತೊನ್ನು ಬಂದಿದ್ಯಾ? ನಮ್ಮನೇಲಿ ಒಂದು ಚಮಚ ಬೆಣ್ಣೇಲಿ ಒಂದು ಚಮಚ ಮೈದಾ ಹಸಿ ವಾಸನೆ ಹೋಗೋವರೆಗೆ ಹುರ್ದು, ಅರ್ಧ ಲೋಟ ಹಾಲು ಸ್ವಲ್ಪ ಸ್ವಲ್ಪವೇ ಹಾಕ್ತಾ ಗಂಟಿಲ್ದಂಗೆ ತಿರುವಿ, ಬೆಂದ ಮೀನು ಸೇರಿಸ್ತೀನಿ. ಮೊದಲ ಸಲ ವಾಸನೆ ಹೋಗ್ಲಿ ಅಂತ ಅರ್ಧ ನಿಂಬೆಹಣ್ಣು ಹಿಂಡ್ಬಿಟ್ಟೆ, ಹಾಲೆಲ್ಲ ಒಡ್ದು ಪನೀರ್ ಆಯ್ತು, ನಮ್ಮ ಯಜಮಾನ್ರು ಇವತ್ತಿಗೂ ಅದ್ನೇ ಹೇಳ್ಕೊಂಡು ನಗ್ತಾರೆ. ನಿಂಬೆ ಬದ್ಲು ಚೂರು ಸಬ್ಬಸಿಗೆ ಸೊಪ್ಪು ಮಾತ್ರ ಹಾಕಿ, ಮೀನಿನ ವಾಸನೆ ಅದೇ ಮುಚ್ಚುತ್ತೆ.
– ಅಜ್ಜಿ, ಹಾಸನ

ಪ್ಯಾಕೆಟ್ ಸರಿಯಾಗಿ ಓದಿ. ಇಂಡಿಯನ್ ಸಾಲ್ಮನ್ ಅಂತ ಮಾರೋದು ರಾವಸ್, ಬೇರೆ ಜಾತಿ ಮೀನೇ, ಮಾಂಸ ಕಿತ್ತಳೆ ಬಣ್ಣ ಇರಲ್ಲ. ಆದ್ರೂ ಕೆಟ್ಟದ್ದಲ್ಲ ಬಿಡಿ, ಮಂಗಳೂರಿಂದ ಘಾಟಿ ಹತ್ತಿ ಬರುತ್ತೆ, ಮೇಲೆ ಹೇಳಿರೋ ಎರಡು ಥರಾನೂ ಇದ್ರಲ್ಲೂ ಆಗುತ್ತೆ, ದುಡ್ಡೂ ಉಳಿಯುತ್ತೆ. ಇನ್ನೊಂದು, ಪಾಪು ಮೀನು ತಿಂತಿರೋದು ಇದೇ ಮೊದಲಾದ್ರೆ ಬೆಳಿಗ್ಗೆ ಹೊತ್ತು ಒಂದೇ ಒಂದು ಚಮಚ ಕೊಟ್ಟು ನೋಡಿ, ಮೈಮೇಲೆ ಗಂಧೆ ಎದ್ರೆ, ತುಟಿ ಊದಿದ್ರೆ ತಕ್ಷಣ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ಬಹುದು, ರಾತ್ರಿ ಕೊಟ್ರೆ ಎಲ್ಲಿ ಓಡ್ತೀರಾ.
– ಓದುಗ, ಮೂಡಿಗೆರೆ